ವಿಎಮ್ ಒಳಗೆ ಡಿಲೀಟ್ ಮಾಡಿದ್ರೂ ಲ್ಯಾಪ್‌ಟಾಪಲ್ಲಿ ಜಾಗ ಯಾಕೆ ಆಗೋದಿಲ್ಲ?

ಎರಡನೇ ವರ್ಷಕ್ಕೆ ಬಂದ ಮೇಲೆ ನಮ್ಮಲ್ಲಿ ಹೆಚ್ಚಿನವರ ಲ್ಯಾಪ್‌ಟಾಪಲ್ಲಿ ವರ್ಚುವಲ್‌ಬಾಕ್ಸ್, ಅದರೊಳಗೆ ಒಂದು ಉಬುಂಟು ಇದ್ದೇ ಇರುತ್ತದೆ. ಲ್ಯಾಬ್ ಪ್ರೋಗ್ರಾಂ, ಡೇಟಾಬೇಸ್, ಮಿನಿ ಪ್ರಾಜೆಕ್ಟ್ ಎಲ್ಲಾ ಅದರಲ್ಲೇ. 256 ಜಿಬಿ ಎಸ್‌ಎಸ್‌ಡಿ ಆದ್ರೆ ಸೆಮಿಸ್ಟರ್ ಅರ್ಧ ಆಗುವಾಗ ಸಿ ಡ್ರೈವ್ ಕೆಂಪಾಗುತ್ತದೆ. ಜಾಗ ಪೂರ್ತಿ ಮುಗಿದರೆ ವರ್ಚುವಲ್‌ಬಾಕ್ಸ್ ವಿಎಮ್ಮನ್ನು ಅರ್ಧದಲ್ಲೇ ಪಾಸ್ ಮಾಡಿಬಿಡುತ್ತದೆ.

ಆಗ ಸಿಗುವ ಸಲಹೆ ಒಂದೇ: "ಡಿಲೀಟ್ ಮಾಡಿ ಹೊಸದು ಹಾಕು ಮಾರಾಯ." ಆದ್ರೆ ಉಬುಂಟು 24.04 ಡೆಸ್ಕ್‌ಟಾಪ್‌ನ ಐಎಸ್‌ಒ ಫೈಲೇ 5 ಜಿಬಿಗಿಂತ ದೊಡ್ಡದು. ಸುಳ್ಯ, ಕಡಬದ ಒಳ ಊರುಗಳಲ್ಲಿ ದಿನಕ್ಕೆ 1.5 ಜಿಬಿಯ ಮೊಬೈಲ್ ಡೇಟಾದಲ್ಲಿ ಅದನ್ನು ಇಳಿಸಲು ನಾಲ್ಕು ದಿನ ಬೇಕು, ಅದೂ ಮಳೆಗಾಲದಲ್ಲಿ ಕರೆಂಟ್ ಇದ್ದರೆ. ಪ್ರಾಜೆಕ್ಟ್ ಹೋದರೆ ಅದು ಬೇರೆ ನಷ್ಟ. ಹಾಗಾಗಿ ಇರುವ ವಿಎಮ್ಮನ್ನೇ ಸಣ್ಣ ಮಾಡುವುದು ಹೇಗೆ ಅಂತ ನೋಡೋಣ.

ಕಾರಣ ಏನು?

ವಿಎಮ್‌ನ ಇಡೀ ಹಾರ್ಡ್ ಡಿಸ್ಕ್ ವಿಂಡೋಸ್‌ಗೆ ಕಾಣುವುದು ವಿಡಿಐ ಅನ್ನುವ ಒಂದೇ ಒಂದು ಫೈಲಾಗಿ. ಡೈನಾಮಿಕ್ ಅಂತ ಮಾಡಿದ್ದರೆ ಅದು ಬೇಕಾದಷ್ಟು ಬೆಳೆಯುತ್ತದೆ, ತನ್ನಷ್ಟಕ್ಕೇ ಸಣ್ಣ ಆಗುವುದಿಲ್ಲ. ಪುತ್ತೂರಿನಲ್ಲಿ ಒಬ್ಬರು ಅಡಿಕೆ ಇಡಲು ಗೋದಾಮು ಬಾಡಿಗೆಗೆ ತಗೊಂಡಿದ್ದಾರೆ ಅಂತ ಇಟ್ಟುಕೊಳ್ಳಿ. ಅವರು ಲೆಕ್ಕದ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದರು, ಆದ್ರೆ ಗೋಣಿ ಅಲ್ಲೇ ಇದೆ. ಹೊರಗಿನ ಮಾಲೀಕರಿಗೆ ಗೋದಾಮು ತುಂಬಿದ ಹಾಗೇ ಕಾಣುತ್ತದೆ. ಉಬುಂಟು ಒಳಗೆ ಡಿಲೀಟ್ ಮಾಡುವುದೂ ಅಷ್ಟೇ: ಹೆಸರು ಹೋಗುತ್ತದೆ, ಹಳೇ ಡೇಟಾ ಬ್ಲಾಕ್‌ಗಳಲ್ಲಿ ಉಳಿಯುತ್ತದೆ. ಆ ಬ್ಲಾಕ್ ಖಾಲಿ ಅಂತ ವರ್ಚುವಲ್‌ಬಾಕ್ಸ್‌ಗೆ ಗೊತ್ತಾಗಬೇಕಾದ್ರೆ ಅಲ್ಲಿ ಸೊನ್ನೆ ಬರೆಯಬೇಕು.

ಮಾಡುವ ಕ್ರಮ

1. ಮೊದಲು ಸ್ನ್ಯಾಪ್‌ಶಾಟ್ ನೋಡಿ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಹಳೇ ವಿಡಿಐ ಹಾಗೇ ಉಳಿದು, ಹೊಸ ಬದಲಾವಣೆಯೆಲ್ಲಾ ಇನ್ನೊಂದು ಫೈಲಿಗೆ ಹೋಗುತ್ತದೆ. ಅದು ಇರುವಾಗಲೇ ಸೊನ್ನೆ ತುಂಬಿಸಿದರೆ ಜಾಗ ಉಳಿಯುವ ಬದಲು ಇನ್ನೂ ಖರ್ಚಾಗುತ್ತದೆ. ಬೇಡದ ಸ್ನ್ಯಾಪ್‌ಶಾಟನ್ನು ವರ್ಚುವಲ್‌ಬಾಕ್ಸ್ ಒಳಗಿಂದಲೇ ಡಿಲೀಟ್ ಮಾಡಿ. ಈಗಿನ ಕೆಲಸ ಹೋಗುವುದಿಲ್ಲ, ಹಿಂದಿನ ಸ್ಥಿತಿಗೆ ಮರಳುವ ದಾರಿ ಮಾತ್ರ ಹೋಗುತ್ತದೆ. ಎರಡು ಫೈಲ್ ಸೇರುವಾಗ ಸ್ವಲ್ಪ ಹೊತ್ತಿಗೆ ಹೆಚ್ಚು ಜಾಗ ಬೇಕು, ಆದ್ದರಿಂದ ಸಿ ಡ್ರೈವಿಂದ ಸಿನಿಮಾ, ವಿಡಿಯೋ ಮೊದಲು ಹೊರಗೆ ಹಾಕಿ. ಸ್ನ್ಯಾಪ್‌ಶಾಟ್ ಫೋಲ್ಡರಿಗೆ ಹೋಗಿ ಫೈಲನ್ನೇ ಅಳಿಸಬೇಡಿ, ವಿಎಮ್ ಮತ್ತೆ ಏಳುವುದಿಲ್ಲ.

2. ಉಬುಂಟು ಒಳಗೆ ಗುಡಿಸಿ. ಸುಡೋ ಆಪ್ಟ್ ಕ್ಲೀನ್ ಕೊಟ್ಟರೆ ಇಳಿಸಿಟ್ಟ ಪ್ಯಾಕೇಜ್ ಫೈಲುಗಳು ಹೋಗುತ್ತವೆ. ಸುಡೋ ಆಪ್ಟ್ ಆಟೋರಿಮೂವ್ ಹಳೇ ಕರ್ನಲ್‌ಗಳನ್ನು ತೆಗೆಯುತ್ತದೆ. ಟ್ರ್ಯಾಶ್ ಖಾಲಿ ಮಾಡಿ. ಡಾಕರ್ ಬಳಸುವವರು ಹಳೇ ಇಮೇಜ್‌ಗಳನ್ನೂ ನೋಡಿ.

3. ಸೊನ್ನೆ ತುಂಬಿಸಿ. ಇದಕ್ಕೆ ಜೀರೋಫ್ರೀ ಅನ್ನುವ ಸಣ್ಣ ಟೂಲ್ ಇದೆ, ಆಪ್ಟ್‌ನಿಂದಲೇ ಹಾಕಬಹುದು. ಖಾಲಿ ಇದ್ದೂ ಹಳೇ ಡೇಟಾ ಉಳಿದಿರುವ ಬ್ಲಾಕಿಗೆ ಮಾತ್ರ ಇದು ಸೊನ್ನೆ ಬರೆಯುತ್ತದೆ. ಡಿಸ್ಕ್ ರೀಡ್-ಓನ್ಲಿ ಆಗಿರಬೇಕು, ಇಲ್ಲದಿದ್ದರೆ ಅದು ಓಡುವುದಕ್ಕೇ ಒಪ್ಪುವುದಿಲ್ಲ. ರಿಕವರಿ ಮೋಡ್‌ನ ರೂಟ್ ಶೆಲ್‌ನಲ್ಲಿ ಮಾಡಿ.

4. ಕಾಂಪ್ಯಾಕ್ಟ್ ಮಾಡಿ. ವಿಎಮ್ ಪೂರ್ತಿ ಶಟ್‌ಡೌನ್ ಮಾಡಿ, ಸೇವ್ ಸ್ಟೇಟ್ ಅಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಲ್ಲಿ ವರ್ಚುವಲ್‌ಬಾಕ್ಸ್ ಇರುವ ಫೋಲ್ಡರಿಗೆ ಹೋಗಿ ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ ಡಿಸ್ಕ್ ಅಂತ ಬರೆದು, ಕೋಟ್ಸ್ ಒಳಗೆ ವಿಡಿಐ ಫೈಲಿನ ಪೂರ್ತಿ ಪಾತ್ ಕೊಟ್ಟು, ಕೊನೆಗೆ ಎರಡು ಹೈಫನ್ ಹಾಕಿ ಕಾಂಪ್ಯಾಕ್ಟ್ ಅಂತ ಸೇರಿಸಿ. ಮುಗಿದ ಮೇಲೆ ಫೈಲಿನ ಪ್ರಾಪರ್ಟೀಸ್ ನೋಡಿದರೆ ಸೈಜ್ ಇಳಿದಿರುತ್ತದೆ. ಫಿಕ್ಸೆಡ್ ಸೈಜ್ ಡಿಸ್ಕ್ ಆದ್ರೆ ಈ ದಾರಿ ನಡೆಯುವುದಿಲ್ಲ.

ಇನ್ನೆರಡು ಮಾತು. ಶುರು ಮಾಡುವ ಮುಂಚೆ ಪ್ರಾಜೆಕ್ಟ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ಇಡೀ ವಿಡಿಐ ಕಾಪಿ ಮಾಡುವುದಾದ್ರೆ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ, ಫ್ಯಾಟ್32 ಆದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಸ್ನ್ಯಾಪ್‌ಶಾಟ್ ಸೇರಿಸುವಾಗ, ಕಾಂಪ್ಯಾಕ್ಟ್ ಮಾಡುವಾಗ ಲ್ಯಾಪ್‌ಟಾಪ್ ಆಫ್ ಆದ್ರೆ ಡಿಸ್ಕ್ ಫೈಲೇ ಹಾಳಾಗಬಹುದು. ನಮ್ಮ ಕಡೆ ಗಾಳಿ ಜೋರಾದರೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ, ಅದಕ್ಕೆ ಬ್ಯಾಟರಿ ಫುಲ್ ಇರುವ ದಿನ ಕೂತುಕೊಳ್ಳಿ. ಇಂಟರ್ನಲ್ಸ್‌ನ ಹಿಂದಿನ ರಾತ್ರಿಯಂತೂ ಬೇಡವೇ ಬೇಡ.