ಗಣಕ ಭಂಡಾರದ ಒಡೆತನ ಮತ್ತು ಪ್ರವೇಶಾಧಿಕಾರ: ಹೊರನಾಡ ಸಂಸ್ಥೆಗಳ ದೃಷ್ಟಿಯಿಂದ

ಹೊರನಾಡಿನ ಕನ್ನಡ ಸಂಘಗಳು ದಶಕಗಳಿಂದ ಕಾಪಾಡಿಕೊಂಡು ಬಂದ ಸ್ಮರಣ ಸಂಚಿಕೆಗಳು, ನಾಟಕಗಳ ಛಾಯಾಚಿತ್ರಗಳು, ಭಾಷಣಗಳ ಧ್ವನಿಸುರುಳಿಗಳು ಇಂದು ಗಣಕರೂಪವನ್ನು ಪಡೆಯುತ್ತಿವೆ. ಅವುಗಳನ್ನು ಇರಿಸುವ ತಾಣಕ್ಕೆ ‘ಕ್ಲೌಡ್’ ಎಂದು ಹೆಸರು. ಮೋಡವೆಂಬ ಅರ್ಥವಿದ್ದರೂ ಅದು ಇರುವುದು ನೆಲದ ಮೇಲೆಯೇ. ಭಾರೀ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಸರ್ವರುಗಳನ್ನು ಬಾಡಿಗೆಗೆ ಒದಗಿಸುವ ಏರ್ಪಾಡು ಅದು. ಇಂಥ ಕೇಂದ್ರಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿಯೂ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ, ಗೂಗಲ್ 2017ರಲ್ಲಿ ಮುಂಬಯಿಯಲ್ಲಿಯೂ 2021ರಲ್ಲಿ ದೆಹಲಿಯಲ್ಲಿಯೂ ತೆರೆದವು. ಹೊರನಾಡ ಕನ್ನಡಿಗರು ನೆಲೆನಿಂತ ಊರುಗಳೇ ಈ ಭಂಡಾರಗಳ ಊರುಗಳೂ ಆಗಿರುವುದು ಆಕಸ್ಮಿಕವಾದರೂ ಸ್ವಾರಸ್ಯಕರ.

ಆದರೆ ಭಂಡಾರ ಎಲ್ಲಿದೆ ಎಂಬುದಕ್ಕಿಂತ ಅದು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಮುಖ್ಯವಾದುದು. ಸಾಮಾನ್ಯವಾಗಿ ಉತ್ಸಾಹಿ ಸದಸ್ಯರೊಬ್ಬರು ತಮ್ಮ ಸ್ವಂತ ಇ-ಮೇಲ್ ಖಾತೆಯಲ್ಲಿ ಕೆಲಸವನ್ನು ಆರಂಭಿಸಿಬಿಡುತ್ತಾರೆ. ಅವರು ಊರು ಬಿಟ್ಟರೆ ಅಥವಾ ತೀರಿಕೊಂಡರೆ ಸಂಘದ ಬಳಿ ಬೀಗದ ಕೈಯೇ ಇರುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅವುಗಳಲ್ಲಿರುವ ಸಾಮಗ್ರಿಯ ಸಮೇತ ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿರುವುದನ್ನೂ ಇಲ್ಲಿ ನೆನೆಯಬೇಕು.

ಗೂಗಲ್ ಕ್ಲೌಡಿನ ರಚನೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಎಲ್ಲಕ್ಕೂ ಮೇಲೆ ‘ಆರ್ಗನೈಸೇಷನ್’, ಅದರ ಕೆಳಗೆ ‘ಫೋಲ್ಡರು’ಗಳು, ಅವುಗಳೊಳಗೆ ‘ಪ್ರಾಜೆಕ್ಟು’ಗಳು, ಪ್ರಾಜೆಕ್ಟಿನೊಳಗೆ ಕಡತಗಳನ್ನಿರಿಸುವ ‘ಬಕೆಟ್’ ಮೊದಲಾದ ಸಂಪನ್ಮೂಲಗಳು. ಸಂಘವು ತನ್ನದೇ ಡೊಮೈನ್ ಹೆಸರನ್ನು ಪಡೆದು ಅದನ್ನು ದೃಢಪಡಿಸಿದಾಗ ‘ಆರ್ಗನೈಸೇಷನ್’ ದೊರೆಯುತ್ತದೆ; ಇದಕ್ಕೆ ಬೇಕಾದ ‘ಕ್ಲೌಡ್ ಐಡೆಂಟಿಟಿ’ ಸೇವೆಗೆ ಉಚಿತ ಆವೃತ್ತಿಯೂ ಇದೆ. ಅನಂತರ ಅದರೊಳಗೆ ಯಾರೇ ಪ್ರಾಜೆಕ್ಟನ್ನು ತೆರೆದರೂ ಅದು ತೆರೆದವರದಾಗದೆ ಸಂಘದ್ದಾಗಿ ಉಳಿಯುತ್ತದೆ. ಗ್ರಂಥಾಲಯ, ನಾಟಕ ವಿಭಾಗ, ಪ್ರಕಟಣೆ ಎಂದು ಫೋಲ್ಡರುಗಳನ್ನು ವಿಂಗಡಿಸಿಕೊಳ್ಳುವುದು ಮುಂದಿನ ಕೆಲಸ.

ಈ ರಚನೆಯಲ್ಲಿ ಅಧಿಕಾರವು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಫೋಲ್ಡರಿನ ಮಟ್ಟದಲ್ಲಿ ಕೊಟ್ಟ ಅಧಿಕಾರ ಅದರೊಳಗಿನ ಎಲ್ಲ ಪ್ರಾಜೆಕ್ಟುಗಳಿಗೂ ಅನ್ವಯಿಸುತ್ತದೆ. ಮೇಲೆ ಕೊಟ್ಟದ್ದನ್ನು ಕೆಳಗೆ ಸಣ್ಣ ಅಧಿಕಾರವನ್ನು ನಮೂದಿಸುವುದರಿಂದ ಕಿತ್ತುಕೊಳ್ಳಲಾಗದು. ನಿರಾಕರಣೆಗೆಂದೇ ಪ್ರತ್ಯೇಕ ನಿಯಮಗಳಿವೆಯಾದರೂ ಸಣ್ಣ ಸಂಸ್ಥೆಗಳು ಆ ಗೋಜಿಗೆ ಹೋಗದೆ, ಕೆಲಸಕ್ಕೆ ಬೇಕಾದಷ್ಟನ್ನೇ ಕೆಳಗಿನ ಮಟ್ಟದಲ್ಲಿ ಕೊಡುವುದು ಲೇಸು. ‘ಓನರ್’ ಎಂಬ ಪಾತ್ರವನ್ನು ಗೌರವಸೂಚಕ ಪದವಿಯಂತೆ ಎಲ್ಲ ಪದಾಧಿಕಾರಿಗಳಿಗೂ ಹಂಚುವುದುಂಟು. ಆ ಪಾತ್ರ ಉಳ್ಳವರು ಇಡೀ ಪ್ರಾಜೆಕ್ಟನ್ನೇ ಅಳಿಸಬಲ್ಲರು. ಹಾಗೆ ಅಳಿಸಿದ ಪ್ರಾಜೆಕ್ಟನ್ನು 30 ದಿನಗಳೊಳಗೆ ಮರಳಿ ಪಡೆಯಲು ಅವಕಾಶವಿದೆ. ಆದರೆ ಬಕೆಟಿನಲ್ಲಿದ್ದ ಕಡತಗಳು ಅದಕ್ಕೂ ಮೊದಲೇ ಇಲ್ಲವಾಗಬಹುದು. ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಸೇರಿಸುವ ವಿದ್ಯಾರ್ಥಿಗೆ ‘ಸ್ಟೋರೇಜ್ ಆಬ್ಜೆಕ್ಟ್ ಕ್ರಿಯೇಟರ್’ ಪಾತ್ರ ಸಾಕು. ಅವನು ಹೊಸ ಕಡತವನ್ನು ಇಡಬಲ್ಲನೇ ಹೊರತು ಇದ್ದುದನ್ನು ಅಳಿಸಲಾರ, ಬದಲಿಸಲಾರ. ಓದುವ ಸಂಶೋಧಕರಿಗೆ ‘ಸ್ಟೋರೇಜ್ ಆಬ್ಜೆಕ್ಟ್ ವ್ಯೂವರ್’ ಸಾಕು.

ಪಾತ್ರವನ್ನು ವ್ಯಕ್ತಿಗೆ ಕೊಡದೆ ಗುಂಪಿಗೆ ಕೊಡುವುದು ಇನ್ನೊಂದು ಕ್ರಮ. ‘ಗ್ರಂಥಾಲಯ ಸಮಿತಿ’ ಎಂಬ ಗುಂಪಿಗೆ ಅಧಿಕಾರವಿದ್ದರೆ, ಸಮಿತಿ ಬದಲಾದಾಗ ಗುಂಪಿನ ಸದಸ್ಯರನ್ನು ಬದಲಿಸಿದರೆ ಸಾಕು; ಸಂಪನ್ಮೂಲಗಳನ್ನು ಒಂದೊಂದಾಗಿ ತಡಕಬೇಕಾಗಿಲ್ಲ. ಬಾಡಿಗೆ ಪಾವತಿಯ ಖಾತೆ ಪ್ರಾಜೆಕ್ಟಿನಿಂದ ಬೇರೆಯಾಗಿರುವುದರಿಂದ ಅದನ್ನು ಖಜಾಂಚಿಯ ವಶಕ್ಕೆ ಒಪ್ಪಿಸಬಹುದು; ಕಡತಗಳನ್ನು ಮುಟ್ಟುವ ಅಧಿಕಾರ ಅವರಿಗೆ ಬೇಕಿಲ್ಲ. ಎಲ್ಲಕ್ಕೂ ಮೇಲಿನ ಆಡಳಿತಾಧಿಕಾರ ಕನಿಷ್ಠ ಇಬ್ಬರಲ್ಲಿರಬೇಕು. ವಾರ್ಷಿಕ ಮಹಾಸಭೆಯಲ್ಲಿ ಹೊಸ ಕಾರ್ಯಕಾರಿ ಸಮಿತಿ ಆಯ್ಕೆಯಾದಾಗ ಬ್ಯಾಂಕಿನ ಸಹಿದಾರರನ್ನು ಬದಲಿಸುವ ಠರಾವು ಹೇಗೋ ಹಾಗೆಯೇ ಈ ಇಬ್ಬರ ಹೆಸರನ್ನೂ ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಹೊರಹೋದವರ ಪ್ರವೇಶವನ್ನು ಆ ವಾರದಲ್ಲೇ ರದ್ದುಗೊಳಿಸಬೇಕು.