ಮಗುವನ್ನು ಯಾರ ಕೈಗೆ ಕೊಟ್ಟಿರಿ?

ಏಪ್ರಿಲ್‌ನ ಒಂದು ಮಧ್ಯಾಹ್ನ. ಶಿವಮೊಗ್ಗದ ಬೇಸಿಗೆ ಶಿಬಿರದಿಂದ ಮೊಮ್ಮಗಳನ್ನು ಕರೆತರಲು ಭದ್ರಾವತಿಯಿಂದ ಬಸ್ಸು ಹತ್ತಿದ್ದೆ. ಗೇಟಿನಲ್ಲಿದ್ದ ಹುಡುಗಿ, "ಯಾವ ಮಗು, ಅಜ್ಜಿ?" ಅಂದಳು. ಹೆಸರು ಹೇಳಿದೆ. ಮಗು ಕೈಗೆ ಬಂತು. ನಾನು ಯಾರೆಂದು ಯಾರೂ ಕೇಳಲಿಲ್ಲ. ದಾರಿಯುದ್ದಕ್ಕೂ ಒಂದೇ ದಿಗಿಲು: ಅದೇ ಹೆಸರನ್ನು ಬೇರೆ ಯಾರಾದರೂ ಹೇಳಿದ್ದರೆ?

ಬೇರೆಡೆ ಎಷ್ಟು ಎಚ್ಚರ ನೋಡಿ: ಡಿಸ್ನಿಯವರ ಪ್ರವಾಸಿ ಹಡಗುಗಳಲ್ಲಿ ಮಕ್ಕಳ ಆಟದ ಕೇಂದ್ರವಿದೆ. ಅಲ್ಲಿ ಪುಟಾಣಿಗಳ ಮುಂಗೈಗೆ ಪಟ್ಟಿ ಕಟ್ಟುತ್ತಾರೆ. ಕರೆದೊಯ್ಯಲು ಬಂದವರು ಮೊದಲೇ ಬರೆಸಿಟ್ಟ ಗುಟ್ಟಿನ ಪದ ಹೇಳಬೇಕು. ಸುತ್ತ ನೀರೇ ಇರುವ ಹಡಗಿನಲ್ಲೇ ಇಷ್ಟು ಕಟ್ಟುನಿಟ್ಟು. ನಮ್ಮ ಶಿಬಿರದ ಗೇಟು ದಾಟಿದರೆ ಗಿಜಿಗುಡುವ ಬಿ.ಎಚ್. ರಸ್ತೆ!

ಇಂಥ ಎಚ್ಚರಕ್ಕೆ ದೊಡ್ಡ ಖರ್ಚೇನೂ ಬೇಡ. ಒಂದು ರಿಜಿಸ್ಟರ್ ಸಾಕು. ಸೇರಿಸುವಾಗಲೇ ಕರೆದೊಯ್ಯುವ ಇಬ್ಬರು ಮೂವರ ಹೆಸರು, ಫೋಟೊ, ಮೊಬೈಲ್ ನಂಬರ್ ಬರೆಸಿ. ಹೊರಡುವಾಗ ಸಹಿ, ಸಮಯ ಹಾಕಿಸಿ. ಬೇರೆಯವರು ಬಂದರೆ, ಬಂದವರ ಫೋನಿನಿಂದಲ್ಲ, ಶಿಬಿರದ ಫೋನಿನಿಂದಲೇ ತಾಯಿತಂದೆಗೆ ಕರೆ ಮಾಡಲಿ. ಆಟೊ ಅಣ್ಣ ಬದಲಾದರೂ ಇದೇ ನಿಯಮ.

ಮನೆಯಲ್ಲೂ ಒಂದು ಗುಟ್ಟಿನ ಪದ ಗೊತ್ತುಮಾಡಿ, ಮಗುವಿಗೂ ಕಲಿಸಿ: "ಅಮ್ಮ ಕಳಿಸಿದ್ದಾಳೆ" ಅಂದವರಿಗೆ "ಗುಟ್ಟಿನ ಪದ ಏನು?" ಎಂದು ಕೇಳಬೇಕು. ತಡಬಡಾಯಿಸಿದರೆ ಮೇಡಂ ಹತ್ತಿರ ಓಡಬೇಕು. ಅಪಾಯದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಹಗಲಿರುಳೂ ಉಚಿತ.

ಮರುದಿನ ಶಿಬಿರದವರಿಗೆ ಒಂದು ನೋಟ್‌ಬುಕ್ ಕೊಟ್ಟು ಬಂದೆ. ಸಂಜೆ ಮೊಮ್ಮಗಳು ನನ್ನನ್ನೇ ತಡೆದಳು: "ಪದ ಹೇಳಜ್ಜಿ!" ಹೇಳಿದೆ. ಯಾವುದೆಂದು ನಿಮಗೆ ಮಾತ್ರ ಹೇಳುವುದಿಲ್ಲ.