ಇಸ್ತಾಂಬುಲಿನ ಪೇಟೆಯಲ್ಲಿ ಚೌಕಾಶಿ

ವಿದೇಶ ಪ್ರವಾಸ ಕೈಗೊಂಡವರು ಬರಿಗೈಯಲ್ಲಿ ಮನೆಗೆ ಮರಳುವುದುಂಟೆ? ಬಂಧುಗಳಿಗೆ, ನೆರೆಯವರಿಗೆ ನೆನಪಿನ ಕಾಣಿಕೆಯೊಂದನ್ನು ತರಲೇಬೇಕು. ಬೆಲೆಚೀಟಿ ಅಂಟಿಸಿದ ಅಂಗಡಿಗಳಲ್ಲಿ ಇದು ಸುಲಭದ ಕಾರ್ಯ. ತುರ್ಕಿ ದೇಶದ ಇಸ್ತಾಂಬುಲಿನ ಹಳೆಯ ಪೇಟೆಯಲ್ಲಿ ಮಾತ್ರ ಎಷ್ಟೋ ವಸ್ತುಗಳ ಬೆಲೆ ಮಾತಿನಿಂದಲೇ ಹುಟ್ಟಬೇಕು.

ಸುಲ್ತಾನ ಎರಡನೆಯ ಮೆಹಮದನು 1453ರಲ್ಲಿ ಆ ನಗರವನ್ನು ಗೆದ್ದ ಕೆಲವೇ ವರ್ಷಗಳಲ್ಲಿ ಈ ಪೇಟೆಯ ಕಟ್ಟಡಕ್ಕೆ ಆರಂಭವಾಯಿತು. ಚಾವಣಿ ಹೊದ್ದ ಸುಮಾರು 60 ಬೀದಿಗಳು, 4000ದಷ್ಟು ಅಂಗಡಿಗಳು ಇಂದು ಇಲ್ಲಿವೆ. ಚೌಕಾಶಿಗೆ ಅಲ್ಲಿನವರು ‘ಪಜಾರ್ಲಿಕ್’ ಎನ್ನುತ್ತಾರೆ. ನಮ್ಮ ‘ಬಜಾರು’ ಶಬ್ದದ ಒಡಹುಟ್ಟೇ ಅದರಲ್ಲಿ ಅಡಗಿದೆ. ಅದೇ ‘ಪಜಾರ್’ ಭಾನುವಾರದ ಹೆಸರೂ ಹೌದು. ವಿನೋದವೆಂದರೆ, ಭಾನುವಾರ ಈ ಪೇಟೆಗೆ ರಜೆ!

ಮೊದಲ ದಿನ ಏನನ್ನೂ ಕೊಳ್ಳದೆ ಸುತ್ತಾಡುವುದೇ ಲೇಸು. ಒಂದೇ ಬಗೆಯ ಬಣ್ಣದ ಗಾಜಿನ ದೀಪಕ್ಕೆ ನಾಲ್ಕು ಕಡೆ ಬೆಲೆ ವಿಚಾರಿಸಿದರೆ ಅಂದಾಜು ತಾನಾಗಿಯೇ ದೊರೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆ ದೇಶದ ಲಿರಾ ನಾಣ್ಯದ ಮೌಲ್ಯ ಬಹಳ ಕುಸಿದಿರುವುದರಿಂದ, ಹಿಂದೆ ಹೋಗಿಬಂದವರು ಹೇಳಿದ ಲೆಕ್ಕ ನಮ್ಮ ಉಪಯೋಗಕ್ಕೆ ಬಾರದು. ಹೇಳಿದ ಬೆಲೆಯ ಅರ್ಧಕ್ಕೆ ಕೇಳಿರೆಂದು ಉಪದೇಶಿಸುವವರುಂಟು. ನಾವಿದನ್ನು ಒಪ್ಪಲಾರೆವು. ನ್ಯಾಯದ ಬೆಲೆ ಹೇಳಿದವನಿಗೆ ಅದು ಅವಮಾನ. ನಾಲ್ಕು ಪಟ್ಟು ಹೇಳಿದವನಿಗೆ ಆಗಲೂ ಲಾಭ!

ಮಾತು ಬೆಳೆಯುತ್ತಿದ್ದಂತೆ ಪುಟ್ಟ ಗಾಜಿನ ಲೋಟದಲ್ಲಿ ಚಹಾ ಬರುತ್ತದೆ. ಅದು ಅತಿಥಿ ಸತ್ಕಾರ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂಬ ಋಣವಿಲ್ಲ. ಋಣ ಹುಟ್ಟುವುದು ನಮ್ಮ ಬಾಯಿಂದ ಬೆಲೆಯೊಂದು ಹೊರಟಾಗ. ನಾವು ಕೇಳಿದ ಬೆಲೆಗೆ ವ್ಯಾಪಾರಿ ಒಪ್ಪಿದ ಮೇಲೆ ‘ಬೇಡ’ ಎಂದು ಎದ್ದುಹೋಗುವುದು ಅಲ್ಲಿ ದೊಡ್ಡ ಅಸಭ್ಯತೆ. ಬೇಡದ ವಸ್ತುವಿಗೆ ಕುತೂಹಲಕ್ಕಾಗಿ ಬೆಲೆ ಕಟ್ಟುವ ಚಪಲವನ್ನು ಊರಿನಲ್ಲಿಯೇ ಬಿಟ್ಟು ಹೋಗಬೇಕು.

ಮುಂಜಾನೆಯ ಮೊದಲ ವ್ಯಾಪಾರಕ್ಕೆ ಅವರು ‘ಸಿಫ್ತಾ’ ಎನ್ನುತ್ತಾರೆ. ಇದು ನಮ್ಮ ಬೋಣಿಯೇ! ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಲು ನಮ್ಮ ಸಂತೆಯವರಂತೆ ಅವರಿಗೂ ಮನಸ್ಸು ಬಾರದು. ಕೊಸರು ಕೇಳುವ ನಮ್ಮ ತಾಯಂದಿರಿಗೆ ಆ ಪೇಟೆ ಪರಕೀಯವೆನಿಸಲಾರದು.

ರತ್ನಗಂಬಳಿಯ ಮಾತೇ ಬೇರೆ. ಅದನ್ನು ಮಗುಚಿ ಹಿಂಬದಿಯನ್ನು ನೋಡಬೇಕು. ಕೈಯಿಂದ ಗಂಟುಹಾಕಿ ನೇಯ್ದುದಾದರೆ ಚಿತ್ತಾರ ಅಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಅಂಚಿನ ಕುಚ್ಚು ಹಾಸಿನ ನೂಲಿನದೇ ಮುಂದುವರಿಕೆಯಾಗಿರುತ್ತದೆ, ಹೊಲಿದು ಸೇರಿಸಿದ್ದಲ್ಲ. ಇಷ್ಟು ದೊಡ್ಡ ಮೊತ್ತದ ನಿರ್ಧಾರವನ್ನು ಒಂದು ರಾತ್ರಿ ಕಳೆದ ಮೇಲೆ ಕೈಗೊಳ್ಳುವುದೇ ವಿವೇಕ.

ಮಕ್ಕಳು ಮೊದಲು ಕೈಹಾಕುವುದು ನೀಲಿ ಗಾಜಿನ ಕಣ್ಣಿನ ಮಣಿಗೆ. ಕೆಟ್ಟ ದೃಷ್ಟಿ ತಾಗದಿರಲೆಂದು ತೂಗುಹಾಕುವ ಈ ಮಣಿಯ ಹೆಸರಿನಲ್ಲಿಯೂ ನಮ್ಮ ‘ನಜರು’ ಶಬ್ದವಿದೆ. ಯಂತ್ರದಿಂದ ತಯಾರಾದ ಮಣಿಗಳು ರಾಶಿರಾಶಿಯಾಗಿ ಸಿಗುತ್ತವೆ. ಅವುಗಳಿಗೆ ಬೇಕಾದಷ್ಟು ಚೌಕಾಶಿ ಮಾಡಬಹುದು. ಆದರೆ ಇಜ್ಮಿರ್ ನಗರದ ಸಮೀಪದ ನಜರ್‌ಕೋಯ್ ಎಂಬ ಹಳ್ಳಿಯಲ್ಲಿ ಇಂದಿಗೂ ಕುಶಲಕರ್ಮಿಗಳು ಉರಿಯುವ ಕುಲುಮೆಯ ಮುಂದೆ ಕುಳಿತು, ಕರಗಿದ ಗಾಜನ್ನು ಕಬ್ಬಿಣದ ಸಲಾಕೆಗೆ ಸುತ್ತಿ, ಒಂದೊಂದಾಗಿ ಮಣಿ ಮಾಡುತ್ತಾರೆ. ಅವರು ಮಾಡಿದ ಮಣಿಗಳಲ್ಲಿ ಒಂದು ಇನ್ನೊಂದರಂತಿರುವುದಿಲ್ಲ. ಅಂತಹ ಮಣಿ ಕೈಗೆ ಬಂದಾಗ ಹೇಳಿದ ಬೆಲೆ ಕೊಟ್ಟು, ಕಾಗದದಲ್ಲಿ ಸುತ್ತಿಸಿಕೊಂಡು ಬರುವುದೇ ನಮ್ಮ ಪದ್ಧತಿ.